‘ಸರ್ಕಾರದ ಕನ್ನಡ ಯಾಕೆ ಹಾಗಿರುತ್ತದೆ?’

ಸರ್ಕಾರಿ ಜಾಲತಾಣಗಳಿಗೆ ಕನ್ನಡದಲ್ಲಿ ಮಾಹಿತಿ ಬರೆದುಕೊಡುವುದು ನನ್ನ ಕೆಲಸ ಎಂದು ತಿಳಿದ ಕೂಡಲೇ ಜನ ಕೇಳುವುದು ಇದೊಂದನ್ನೇ. ಮದುವೆಯ ಪಂಕ್ತಿಯಲ್ಲಿ ಕೇಳುತ್ತಾರೆ, ದಂತವೈದ್ಯರು ನನ್ನ ಬಾಯಿ ತೆರೆಸಿಟ್ಟುಕೊಂಡು ಕೇಳುತ್ತಾರೆ. ‘ಯಾರಿಗೂ ಅರ್ಥವಾಗಬಾರದು ಎಂದೇ ಬರೆಯುತ್ತೀರಲ್ಲವೇ?’ ಎಂದು ಸೇರಿಸುವವರೂ ಇದ್ದಾರೆ. ಹೌದು ಸ್ವಾಮಿ, ‘ಸದರಿ’ಯನ್ನು ಇವತ್ತು ಎಲ್ಲಿ ತುರುಕಲಿ ಎಂದು ಯೋಚಿಸುತ್ತಲೇ ನಾನು ದಿನಾ ಹಲ್ಲುಜ್ಜುವುದು.

‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ಗಳನ್ನು ಅಳಿಸುವುದು ಐದು ನಿಮಿಷದ ಕೆಲಸ. ಅಳಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ.

2019ರ ಆಗಸ್ಟ್. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದ್ದವು. ಆಲಮಟ್ಟಿಯಿಂದ ಬಿಡುವ ನೀರು ಐದು ಲಕ್ಷ ಕ್ಯುಸೆಕ್ ದಾಟಿತ್ತು. ನಾನಿದ್ದ ಕಚೇರಿಯಲ್ಲಿ (ಯಾವುದೆಂದು ಕೇಳಬೇಡಿ) ಒಂದು ಪ್ರಕಟಣೆ ಸಿದ್ಧವಾಯಿತು: ‘ಜಲಾಶಯದಿಂದ ಹೆಚ್ಚುವರಿ ನೀರನ್ನು ನದಿಗೆ ಬಿಡಲಾಗುತ್ತಿದ್ದು, ನದಿಪಾತ್ರದ ಜನರು ಎಚ್ಚರಿಕೆಯಿಂದಿರಲು ಸೂಚಿಸಲಾಗಿದೆ.’ ಕಠಿಣ ಪದ ಒಂದೂ ಇಲ್ಲ, ಕಾಗುಣಿತ ಶುದ್ಧ. ಹೆಮ್ಮೆಯಿಂದಲೇ ಹಾಕಿದೆ.

ರಾತ್ರಿ ಒಬ್ಬ ರೈತರ ಫೋನ್ ಬಂತು. ‘ತಮ್ಮಾ, ಓದಿದೆ. ಹೊಳೆಯ ದಂಡೆಯಲ್ಲಿ ನನ್ನ ಮೋಟಾರು ಇದೆ. ಈಗಲೇ ಎತ್ತಬೇಕೋ, ಬೆಳಗಾದ ಮೇಲೆ ಎತ್ತಿದರೆ ನಡೆಯುತ್ತದೋ?’

ಪಂಪ್‌ಸೆಟ್ ಎತ್ತಲು ನಾಲ್ಕು ಆಳು ಬೇಕು, ಟ್ರ್ಯಾಕ್ಟರ್ ಬೇಕು, ಕೆಸರಿನಲ್ಲಿ ಕಾಲೂರಲು ಬೆಳಕು ಬೇಕು. ಅವರು ಕೇಳಿದ್ದು ಬರೀ ಹೊತ್ತು. ನಾನು ಮೇಲಿನವರನ್ನು ಕೇಳಿದೆ. ‘ಸಮಯ ಬರೆದು, ನೀರು ಅದಕ್ಕೂ ಮೊದಲೇ ಬಂದರೆ ಹೊಣೆ ಯಾರದು? ಬರದಿದ್ದರೆ ಬೈಗುಳ ಯಾರಿಗೆ? ಎಚ್ಚರಿಕೆಯಿಂದಿರಲು ಹೇಳಿ’ ಎಂದರು. ಹೇಳಿದೆ.

‘ಎಚ್ಚರವಾಗಿದ್ದೇನೆ ಎಂದೇ ಫೋನ್ ಮಾಡಿದ್ದು’ ಎಂದು ಅವರು ಇಟ್ಟುಬಿಟ್ಟರು.

ಸೂಚಿಸಲಾಗಿದೆ. ಯಾರು ಸೂಚಿಸಿದರು? ಕ್ರಮ ಕೈಗೊಳ್ಳಲಾಗುವುದು. ಯಾರು, ಎಂದು? ಕರ್ತೃವಾಗಲು ಒಬ್ಬರೂ ಒಪ್ಪದಿದ್ದಾಗ ವಾಕ್ಯ ಹೀಗೆ ಹುಟ್ಟುತ್ತದೆ. ನಿಶ್ಚಯವಾಗದ ಸಂಗತಿಯನ್ನು ನಾನು ಸರಳಗನ್ನಡದಲ್ಲಿ ಬರೆದರೆ, ಏನೂ ನಿಶ್ಚಯವಾಗಿಲ್ಲ ಎಂಬುದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೆ. ನನ್ನ ತಪ್ಪೂ ಇದೆ ಅನ್ನಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ಎಂದು ಚಿತ್ರಸಮೇತ ಒಂದು ಪುಟ ಮಾಡಿ ಬೆನ್ನು ತಟ್ಟಿಸಿಕೊಂಡಿದ್ದೆ. ದಂಡೆಯವರು ಹೊಳೆಯನ್ನು ಅಳೆಯುವುದು ಸೇತುವೆಯಿಂದ. ಲಿಂಗಸುಗೂರಿನ ಕಡೆಯವರಿಗೆ ಶೀಲಹಳ್ಳಿ ಸೇತುವೆ, ಯಾದಗಿರಿಯ ಕಡೆಯವರಿಗೆ ಕೊಳ್ಳೂರು ಸೇತುವೆ. ಅದು ಮುಳುಗುತ್ತದೆ ಎಂದು ಹೇಳಿದರೆ ಉಳಿದ ಲೆಕ್ಕವನ್ನು ಅವರೇ ಹಾಕಿಕೊಳ್ಳುತ್ತಾರೆ, ನಮ್ಮ ಲೀಟರು ಬೇಕಿಲ್ಲ.

ಸರ್ಕಾರಕ್ಕೆ ಸ್ಪಷ್ಟವಾಗಿ ಬರೆಯಲು ಬರುವುದಿಲ್ಲ ಎನ್ನುವವರು ಕರಾವಳಿಯ ಮಳೆ ರಜೆಯ ಪ್ರಕಟಣೆ ಓದಿ. ಯಾವ ತಾಲ್ಲೂಕು, ಯಾವ ತಾರೀಖು, ಅಂಗನವಾಡಿಯಿಂದ ಎಲ್ಲಿಯವರೆಗೆ, ಎಲ್ಲವೂ ಅದರಲ್ಲಿರುತ್ತದೆ. ‘ಮಕ್ಕಳು ಎಚ್ಚರಿಕೆಯಿಂದ ಶಾಲೆಗೆ ಹೋಗಲು ಸೂಚಿಸಲಾಗಿದೆ’ ಎಂದು ಯಾರೂ ಬರೆಯುವುದಿಲ್ಲ. ಜಿಲ್ಲಾಧಿಕಾರಿ ತೀರ್ಮಾನಿಸಿರುತ್ತಾರೆ, ಗುಮಾಸ್ತರು ಟೈಪ್ ಮಾಡಿರುತ್ತಾರೆ. ಅದು ಎಷ್ಟು ಸ್ಪಷ್ಟವೆಂದರೆ, ತಾರೀಖು ತಿದ್ದಿದ ಹಳೆಯ ಪ್ರಕಟಣೆಗಳು ಮಳೆಗಾಲದಲ್ಲಿ ಮೊಬೈಲ್‌ಗಳಲ್ಲಿ ಓಡಾಡುತ್ತವೆ, ‘ಇದು ನಕಲಿ’ ಎಂದು ಜಿಲ್ಲಾಡಳಿತ ಇನ್ನೊಂದು ಪ್ರಕಟಣೆ ಹೊರಡಿಸಬೇಕಾಗುತ್ತದೆ.

ಅಲ್ಲಿಗೆ, ನೀವು ನನ್ನನ್ನು ಕೇಳಬೇಕಿದ್ದ ಪ್ರಶ್ನೆಗೆ ಬಂದೆವು: ಜಾಲತಾಣಕ್ಕೆ ಹಾಕಿದ್ದನ್ನು ತೆಗೆಯುವವರು ಯಾರು? ಇದನ್ನು ಯಾರೂ ಕೇಳಿಲ್ಲ, ದಂತವೈದ್ಯರೂ ಕೇಳಿಲ್ಲ. 2020ರಲ್ಲಿ 21 ದಿನ ಎಂದು ಶುರುವಾದ ಲಾಕ್‌ಡೌನ್ ಮೇ 3, ಮೇ 17, ಮೇ 31 ಎಂದು ಬೆಳೆಯಿತು. ಪ್ರತಿ ಸಲವೂ ಹೊಸ ಮಾರ್ಗಸೂಚಿ ಬಂತು, ಹಳೆಯದೂ ಪಕ್ಕದಲ್ಲೇ ಕುಳಿತಿತ್ತು. ಅದೂ ಸ್ಕ್ಯಾನ್ ಮಾಡಿದ ಪಿಡಿಎಫ್, ತಾರೀಖಿನ ಮೇಲೆಯೇ ರಬ್ಬರ್ ಮೊಹರು. ಹಾಕಲು ಅನುಮೋದನೆಯ ಕಡತವಿದೆ. ತೆಗೆಯಲು ಕಡತವಿಲ್ಲ, ಆದ್ದರಿಂದ ತೆಗೆಯುವ ಅಧಿಕಾರವೂ ಯಾರಿಗೂ ಇಲ್ಲ. ನಾನು ಮೂರು ಸಲ ಟಿಪ್ಪಣಿ ಬರೆದೆ. ‘ಪರಿಶೀಲಿಸಲಾಗುವುದು’ ಎಂದು ಬಂತು.

ನನ್ನ ಆ ಪ್ರವಾಹದ ಪ್ರಕಟಣೆಯೂ ಅಲ್ಲೇ ಇತ್ತು. ಅದರಲ್ಲಿ ತಾರೀಖು ಹಾಕಿರಲಿಲ್ಲ. ಮರು ಬೇಸಿಗೆಯಲ್ಲಿ, ಹೊಳೆಯಲ್ಲಿ ಬಂಡೆ ಎಣಿಸಬಹುದಾದ ಹೊತ್ತಿನಲ್ಲಿ, ಬೇರೊಬ್ಬ ರೈತರು ಫೋನ್ ಮಾಡಿದರು. ದನಿಯಲ್ಲಿ ಸಂಭ್ರಮವಿತ್ತು. ‘ನದಿಗೆ ನೀರು ಬಿಡುತ್ತಿದ್ದೀರಂತೆ, ನಿಮ್ಮ ಜಾಲತಾಣದಲ್ಲಿ ನೋಡಿದೆ. ಮೋಟಾರು ಇಳಿಸುತ್ತೇನೆ. ನಮ್ಮ ಊರಿಗೆ ಎಷ್ಟು ಹೊತ್ತಿಗೆ ಬರುತ್ತದೆ ಸರ್?’