ಪೆಟ್ರೋಲ್ ವಾಸನಿ ಯಾರ ಮೂಗಿಗೆ?

ಬೇಸಿಗೆ ರಜೆಗೆ ವಿಜಯಪುರಕ್ಕೆ ಹೋಗಿ ಬಂದ ಪಕ್ಕದ ಮನೆಯ ಹುಡುಗಿ ಮೊನ್ನೆ ಇಲ್ಲಿ ನ್ಯೂಜೆರ್ಸಿಯ ಗ್ಯಾಸ್ ಸ್ಟೇಷನ್ನಿನಲ್ಲಿ ಅಪ್ಪನನ್ನು ಕೇಳಿದಳು: "ಅಪ್ಪಾ, ಅಜ್ಜನ ಊರಾಗ ಪೆಟ್ರೋಲ್ ಹಾಕೋವಾಗ ಎಷ್ಟ್ ವಾಸನಿ ಬರ್ತಿತ್ತು. ಇಲ್ಲಿ ಯಾಕ ಬರಂಗಿಲ್ಲ?" ಅಪ್ಪ "ಇಲ್ಲಿ ಎಲ್ಲಾ ಕ್ಲೀನ್ ಇರ್ತೈತವ್ವಾ" ಅಂದುಬಿಟ್ಟರು. ಆ ಉತ್ತರ ಸಾಲದು. ನಮ್ಮ ಕಡೆ ಪಂಪುಗಳಲ್ಲಿ ದುಡಿಯುವ ನೂರಾರು ಹುಡುಗರ ಆರೋಗ್ಯ ಆ ಪ್ರಶ್ನೆಯೊಳಗಿದೆ.

ಪೆಟ್ರೋಲ್ ಹಾಕಿಸುವ ವಿಷಯದಲ್ಲಿ ವಿಜಯಪುರವೂ ನ್ಯೂಜೆರ್ಸಿಯೂ ಒಂದೇ. ಎರಡೂ ಕಡೆ ಬೇರೊಬ್ಬರು ಬಂದು ಹಾಕಿಕೊಡುತ್ತಾರೆ. ಅಮೆರಿಕದ ಉಳಿದ ರಾಜ್ಯಗಳಲ್ಲಿ ಹೆಚ್ಚಾಗಿ ಗಾಡಿಯವರೇ ಇಳಿದು ಹಾಕಿಕೊಳ್ಳುತ್ತಾರೆ. ನ್ಯೂಜೆರ್ಸಿಯಲ್ಲಿ ಮಾತ್ರ 1949ರ ಕಾನೂನು ಅದನ್ನು ತಡೆದಿದೆ. ಒರೆಗಾನ್ ರಾಜ್ಯದಲ್ಲೂ 1951ರಿಂದ ಅಂಥದೇ ನಿಷೇಧವಿತ್ತು, 2023ರಲ್ಲಿ ಸಡಿಲಿಸಿದರು. ಬೆಂಕಿಯ ಭಯ, ವಿಷದ ಆವಿ ಅಂತೆಲ್ಲ ನ್ಯೂಜೆರ್ಸಿ ಕಾನೂನಿನಲ್ಲಿ ಕಾರಣ ಬರೆದಿದೆ. ಆದರೆ ಹಾಕುವ ಕೆಲಸ ಇನ್ನೊಬ್ಬರಿಗೆ ವಹಿಸಿದರೆ ಆವಿ ಎಲ್ಲಿಗೂ ಹೋಗುವುದಿಲ್ಲ, ಅವರ ಮೂಗಿಗೆ ಹೋಗುತ್ತದೆ. ಇಲ್ಲಿ ಅದನ್ನು ತಪ್ಪಿಸಿದ್ದು ಆ ಕಾನೂನಲ್ಲ, ಕಾರಿನೊಳಗಿನ ಒಂದು ಇದ್ದಿಲಿನ ಡಬ್ಬಿ.

ಖಾಲಿ ಟ್ಯಾಂಕ್ ನಿಜವಾಗಿ ಖಾಲಿ ಇರುವುದಿಲ್ಲ, ಅದರ ತುಂಬ ಪೆಟ್ರೋಲಿನ ಆವಿ ಬೆರೆತ ಗಾಳಿ ಇರುತ್ತದೆ. 35 ಲೀಟರ್ ಒಳಗೆ ಹೋದರೆ ಹೆಚ್ಚುಕಡಿಮೆ 35 ಲೀಟರ್ ಆವಿಗಾಳಿ ಹೊರಗೆ ಬರಲೇಬೇಕು. ಅಮೆರಿಕದಲ್ಲಿ 1998ರ ಮಾದರಿಯ ಕಾರುಗಳಿಂದ ಶುರುಮಾಡಿ ಹಂತಹಂತವಾಗಿ, ಈ ಆವಿಯನ್ನು ಕಾರೇ ಹಿಡಿದಿಟ್ಟುಕೊಳ್ಳಬೇಕು ಎಂದು ಕಡ್ಡಾಯ ಮಾಡಿದರು. ಟ್ಯಾಂಕಿನ ಬಾಯಿಂದ ಇಳಿಯುವ ಕೊಳವೆ ಸಣ್ಣದು. ಸುರಿಯುವ ಪೆಟ್ರೋಲೇ ಅದನ್ನು ಮುಚ್ಚಿ ಹಿಡಿಯುತ್ತದೆ. ಆವಿ ಮೇಲೆ ಬರಲಾರದೆ ಇನ್ನೊಂದು ಪೈಪಿನಿಂದ ದೊಡ್ಡ ಕ್ಯಾನಿಸ್ಟರಿಗೆ (ಅದೇ ಆ ಇದ್ದಿಲಿನ ಡಬ್ಬಿ) ಹೋಗಿ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಅಲ್ಲಿಂದ ಎಳೆದುಕೊಂಡು ಸುಡುತ್ತದೆ. ಭಾರತದ ಬಿಎಸ್ 6 (ಈಗಿನ ಹೊಗೆ ಮಿತಿಯ ನಿಯಮ) ಕಾರುಗಳಲ್ಲೂ ಕ್ಯಾನಿಸ್ಟರ್ ಇದೆ, ಆದರೆ ಅದು ನಿಂತ ಗಾಡಿಯ ಟ್ಯಾಂಕಿನಿಂದ ಏಳುವ ಆವಿಗಷ್ಟೇ ಸಾಕಾಗುವಂಥದು. ತುಂಬಿಸುವಾಗ ಹೊರಬೀಳುವ ಆವಿಯನ್ನು ಹಿಡಿಯಬೇಕೆಂಬ ಕಡ್ಡಾಯ ನಮ್ಮಲ್ಲಿಲ್ಲ.

ಬೈಕಿನದಂತೂ ಇನ್ನೂ ಕಷ್ಟ. ಮುಚ್ಚಳ ಪೂರ್ತಿ ತೆರೆದಿರುತ್ತದೆ, ಪೆಟ್ರೋಲ್ ಎಷ್ಟು ಏರಿತು ಅಂತ ಪಂಪಿನ ಹುಡುಗ ಬಗ್ಗಿಯೇ ನೋಡಬೇಕು. ನೂರು ರೂಪಾಯಿ, ಇನ್ನೂರು ರೂಪಾಯಿ ಅಂತ ಹಾಕಿಸುವವರೇ ಹೆಚ್ಚು. ಹಾಗಾಗಿ ಒಂದೇ ಟ್ಯಾಂಕು ತಿಂಗಳಲ್ಲಿ ಎಷ್ಟೋ ಸಲ ಬಾಯಿ ತೆರೆಯುತ್ತದೆ. ಏಪ್ರಿಲ್‌ನ 40 ಡಿಗ್ರಿ ಬಿಸಿಲಿನಲ್ಲಿ ಟ್ಯಾಂಕ್ ಕಾದಿರುತ್ತದೆ, ಆವಿಯೂ ಅಷ್ಟೇ ದಟ್ಟ. ಪೆಟ್ರೋಲಿನಲ್ಲಿ ಬೆಂಜೀನ್ 1 ಶೇಕಡಾ ಮೀರಬಾರದು ಅಂತ ಬಿಎಸ್ 6 ನಿಯಮವಿದೆ. ಆದರೂ ಬೆಂಜೀನ್ ಕ್ಯಾನ್ಸರ್ ತರುವ ವಸ್ತು ಎಂಬುದು ಖಚಿತವಾದ ಮಾತು. ದಿನವಿಡೀ, ವರ್ಷಗಟ್ಟಲೆ ಅದರ ನಡುವೆ ನಿಲ್ಲುವವರಿಗೆ 1 ಶೇಕಡಾ ಸಣ್ಣದಲ್ಲ.

ಇದಕ್ಕೆ ನಮ್ಮದೊಂದು ರೂಢಿಯೂ ಸೇರಿಕೊಂಡಿದೆ. "ಟ್ಯಾಂಕ್ ಫುಲ್ ಮಾಡ್ರಿ" ಅಂತೀವಿ. ನಾಝಲ್ ಟಪ್ ಅಂತ ತಾನೇ ನಿಲ್ಲುತ್ತದೆ. ಮೀಟರ್ 2,870 ತೋರಿಸುತ್ತಿದ್ದರೆ "ಮೂರು ಸಾವಿರ ಮಾಡಿಬಿಡ್ರಿ" ಅಂತೀವಿ. ಹುಡುಗ ಮತ್ತೆ ಒತ್ತುತ್ತಾನೆ, ನಿಲ್ಲುತ್ತದೆ, ಮತ್ತೆ ಒತ್ತುತ್ತಾನೆ. ಆ ಟಪ್ ಸುಮ್ಮನೆ ಬರುವುದಲ್ಲ. ನಾಝಲ್ ತುದಿಯಲ್ಲಿ ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಅಲ್ಲಿವರೆಗೆ ಏರಿ ಗಾಳಿ ಎಳೆಯುವುದು ನಿಂತ ಕೂಡಲೇ ಒಳಗಿನ ಪೊರೆ ಜಗ್ಗಿ ಕವಾಟ ಮುಚ್ಚುತ್ತದೆ. ಅದರ ಮೇಲೂ ಒತ್ತಿದರೆ ಪೆಟ್ರೋಲ್ ಆವಿಯ ಪೈಪಿಗೆ ನುಗ್ಗಿ ಇದ್ದಿಲನ್ನು ತೋಯಿಸಬಹುದು. ತೊಯ್ದ ಇದ್ದಿಲು ಮತ್ತೆ ಮೊದಲಿನಂತೆ ಆವಿ ಹಿಡಿಯುವುದಿಲ್ಲ. ಹಾಕಿಸಿಕೊಂಡು ಹೊರಟಾಗ ಗಾಡಿ ಸ್ಟಾರ್ಟ್ ಆಗಲು ತಡವರಿಸುವುದು, ಎಂಜಿನ್ ಲೈಟ್ ಹತ್ತುವುದು, ಎಷ್ಟೋ ಸಲ ಇದರಿಂದಲೇ. ಉಕ್ಕಿ ಚೆಲ್ಲಿದ್ದು ಹುಡುಗನ ಕೈಮೇಲೆ.

ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ತಾನೇ ಹಾಕಿಕೊಳ್ಳುವವನು ಇದನ್ನು ಬೇಗ ಕಲಿಯುತ್ತಾನೆ, ಯಾಕೆಂದರೆ ಚೆಲ್ಲಿದರೆ ಅವನ ಬೂಟಿನ ಮೇಲೇ. ಎಂಜಿನ್ ಬಂದ್ ಮಾಡು, ಕಾರ್ಡ್ ಹಾಕು, ಪಿನ್‌ಕೋಡ್ ಒತ್ತು (ಭಾರತದ ಕಾರ್ಡಾದರೆ ಇಲ್ಲೇ ಅಡ್ಡಿ, ಒಳಗೆ ಹೋಗಿ ಮುಂಗಡ ಕೊಡಬೇಕು), 87 ಆಕ್ಟೇನ್ (ಅಲ್ಲಿಯ ಸಾದಾ ಪೆಟ್ರೋಲ್) ಆರಿಸು, ಒಂದೇ ಟಪ್‌ಗೆ ನಿಲ್ಲಿಸು. ಚಳಿಗಾಲದಲ್ಲಿ ನಡುವೆ ಕಾರೊಳಗೆ ಕೂತು ಎದ್ದುಬಂದರೆ ಮೈಮೇಲೆ ಸ್ಥಿರ ವಿದ್ಯುತ್ ಇರುತ್ತದೆ. ನಾಝಲ್ ಮುಟ್ಟುವ ಮೊದಲು ಟ್ಯಾಂಕಿನ ಬಾಯಿಂದ ದೂರ, ಬಾಗಿಲಿನ ಬರಿಯ ಲೋಹ ಮುಟ್ಟಬೇಕು; ಇಲ್ಲದಿದ್ದರೆ ಕಿಡಿ ಹಾರಿ ಆವಿಗೆ ಬೆಂಕಿ ತಗಲುವುದುಂಟು.

ಆವರೇಜಿನ ವಿಷಯಕ್ಕೆ ಬಂದರೆ ನಮ್ಮ ಊರಿನವರೇ ಜಾಣರು. ಇಲ್ಲಿ ಗ್ಯಾಲನ್ನಿಗೆ 30 ಮೈಲಿ ಅಂದರೆ ಒಳ್ಳೆಯದೇ ಅಂತಾರೆ. 0.425ರಿಂದ ಗುಣಿಸಿ ನೋಡಿ, ಲೀಟರಿಗೆ 12.75 ಕಿಲೋಮೀಟರ್ ಅಷ್ಟೇ. ಬೆಳಗಾವಿಯ ಯಾವ ಅಂಗಡಿಕಾರನೂ ಅಂಥ ಸಣ್ಣ ಕಾರು ಕೊಳ್ಳುವುದಿಲ್ಲ. ಆದರೆ ಈಗ ಮುಧೋಳ, ಜಮಖಂಡಿ, ಅಥಣಿ ಸೀಮೆಯ ಕಬ್ಬಿನ ಎಥನಾಲ್ ನಮ್ಮ ಪೆಟ್ರೋಲಿಗೆ 20 ಶೇಕಡಾ ಸೇರುತ್ತಿದೆ. ನಮ್ಮ ರೈತನಿಗೆ ಅದರಿಂದ ಕಾಸು ಬರುತ್ತದೆ ಅನ್ನುವುದು ಹೆಮ್ಮೆಯೇ. ಹಾಗೆಯೇ ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ ಮಾತ್ರ ಎಂಬುದನ್ನೂ ಹೇಳಬೇಕು. ಹಾಗಾಗಿ 20 ಶೇಕಡಾ ಬೆರೆತ ಪೆಟ್ರೋಲಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶಕ್ತಿ 6–7 ಶೇಕಡಾ ಕಡಿಮೆ. ಲೀಟರಿಗೆ 20 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 19ರ ಆಸುಪಾಸಿಗೆ ಇಳಿದರೆ ಮೆಕ್ಯಾನಿಕ್‌ನನ್ನು ಬೈಯಬೇಡಿ. ಅಮೆರಿಕದಲ್ಲಿ 15 ಶೇಕಡಾ ಎಥನಾಲ್ ಇದ್ದರೆ ಪಂಪಿನ ಮೇಲೆ ಕಿತ್ತಳೆ ಚೀಟಿ ಇರುತ್ತದೆ, 2001ರ ಮಾದರಿಯ ಮತ್ತು ಅದಕ್ಕಿಂತ ಹೊಸ ಕಾರಿಗೆ ಮಾತ್ರ ಅಂತ ಬರೆದಿರುತ್ತದೆ. ಹಳೇ ಗಾಡಿ ಇಟ್ಟುಕೊಂಡವರಿಗೆ ಅಂಥ ಚೀಟಿ ನಮ್ಮಲ್ಲೂ ಬೇಕು.

ಇಷ್ಟೆಲ್ಲ ಆದಮೇಲೂ ನಮ್ಮ ಕಡೆ ಜನರೇ ಹಾಕಿಕೊಳ್ಳಲಿ ಎಂದು ನಾನು ಹೇಳಲಾರೆ. ಆ ಹುಡುಗರ ಸಂಬಳದ ಮೇಲೆ ಮನೆಗಳು ನಿಂತಿವೆ. ಆವಿ ಹಿಡಿಯುವ ದಾರಿಗಳು ಬೇರೆ ಇವೆ. ಕಾರುಗಳಿಗೆ ಡಬ್ಬಿ ಬರುವ ಮುಂಚೆ ಅಮೆರಿಕದ ಹಲವು ರಾಜ್ಯಗಳಲ್ಲಿ ನಾಝಲ್‌ಗೇ ಆವಿ ವಾಪಸ್ ಎಳೆಯುವ ರಬ್ಬರ್ ತೋಳು ಹಾಕಿದ್ದರು; ಕಾರುಗಳೇ ಆ ಕೆಲಸ ಮಾಡತೊಡಗಿದ ಮೇಲೆ, 2012ರ ನಂತರ, ಅದನ್ನು ತೆಗೆಯುತ್ತ ಬಂದರು. ನಮಗೆ ಬೇಕಿರುವುದು ಆ ಹಳೆಯ ವ್ಯವಸ್ಥೆ, ಅದೂ ಗದ್ದಲದ ಪಂಪುಗಳಲ್ಲಿ ಮೊದಲು. ಬಾಗಲಕೋಟೆ, ವಿಜಯಪುರದಲ್ಲಿ ಪಂಪ್ ನಡೆಸುವ ಅಣ್ಣಂದಿರು ತಮ್ಮ ತೈಲ ಕಂಪನಿಯನ್ನು ಅದಕ್ಕಾಗಿ ಕೇಳಬೇಕು. ಹಾಕಿಸುವವರು ಸೊನ್ನೆ ನೋಡಿರಿ, ಸಂಶಯ ಬಂದರೆ ಮುದ್ರೆ ಹೊಡೆದ 5 ಲೀಟರ್ ಅಳತೆ ತರಿಸಿ ಪರೀಕ್ಷಿಸಿರಿ, ಅದು ನಿಮ್ಮ ಹಕ್ಕು. ಮತ್ತು ಮೊದಲ ಟಪ್ ಕೇಳಿದ ಕೂಡಲೇ "ಸಾಕು ತಮ್ಮಾ" ಅನ್ನಿರಿ, ಚಿಲ್ಲರೆ ಫೋನಿನಲ್ಲಿ ಕೊಡಲು ಬರುತ್ತದಲ್ಲ.