ಹೆಗೆಲ್ ಓದೋದಾದ್ರೆ ಮುನ್ನುಡಿಯಿಂದ ಶುರು ಮಾಡಬೇಡಿ

ಎಂ.ಎ.ಯಲ್ಲಿ ಜರ್ಮನ್ ತತ್ವಜ್ಞಾನಿ ಹೆಗೆಲ್‌ನನ್ನು ಓದ್ತಿದ್ದೀನಿ ಅಂದ ಕೂಡಲೇ ಎದುರಿಗಿದ್ದವರು ಹೇಳೋದು ಒಂದೇ: ‘ಓ, ಥೀಸಿಸ್, ಆಂಟಿಥೀಸಿಸ್, ಸಿಂಥೆಸಿಸ್ ಅಲ್ವಾ?’ ಒಂದು ವಾದ, ಅದಕ್ಕೊಂದು ಎದುರು ವಾದ, ಎರಡೂ ಸೇರಿದ ಮೂರನೆಯದು ಅನ್ನೋ ಸೂತ್ರ. ಅಲ್ಲ ಸ್ವಾಮಿ. ಅದು ನನ್ನ ವಿಧಾನ ಅಂತ ಹೆಗೆಲ್ ಎಲ್ಲೂ ಹೇಳಿಕೊಂಡಿಲ್ಲ. ಎಲ್ಲದಕ್ಕೂ ಮೂರರ ಅಚ್ಚು ಒತ್ತುವವರನ್ನು ಅವನೇ ಗೇಲಿ ಮಾಡಿದ್ದಾನೆ.

ನಮ್ಮ ಸೆಮಿನಾರಿನ ಪುಸ್ತಕ ಅವನ 1807ರ ‘ಫಿನಾಮಿನಾಲಜಿ ಆಫ್ ಸ್ಪಿರಿಟ್’. ಅದು ಮುಗಿದ ಕಥೆಯೇ ಒಂದು ತಮಾಷೆ. 1806ರ ಅಕ್ಟೋಬರ್ 18ರೊಳಗೆ ಉಳಿದ ಹಸ್ತಪ್ರತಿ ಬರದಿದ್ದರೆ ಅದುವರೆಗೆ ಅಚ್ಚಾದ ಪ್ರತಿಗಳನ್ನೆಲ್ಲ ತಾನೇ ಕೊಳ್ಳುತ್ತೇನೆ ಅಂತ ಗೆಳೆಯ ನೀಥಾಮರ್ ಪ್ರಕಾಶಕನಿಗೆ ಮಾತು ಕೊಟ್ಟಿದ್ದ. ಅಷ್ಟರಲ್ಲಿ ನೆಪೋಲಿಯನ್ ಸೈನ್ಯ ಹೆಗೆಲ್ ಇದ್ದ ಜರ್ಮನಿಯ ಯೇನಾ ಊರಿಗೇ ನುಗ್ಗಿತು. ಮುನ್ನುಡಿ ಬರೆದದ್ದು ಇದೆಲ್ಲ ಆದ ಮೇಲೆ, 1807ರ ಜನವರಿಯಲ್ಲಿ.

ಅಂದರೆ ಮುನ್ನುಡಿ ಇಡೀ ದಾರಿ ನಡೆದು ಮುಗಿಸಿದವನ ಮಾತು. ಅಲ್ಲಿಂದ ಶುರು ಮಾಡಿದವರು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತಾರೆ. ಅದಾದ ಕೂಡಲೇ ಬರುವ ಪುಟ್ಟ ‘ಇಂಟ್ರೊಡಕ್ಷನ್’ ಹಿಡಿಯಿರಿ. ಅಲ್ಲಿಂದ ನೇರ ಮೊದಲ ಅಧ್ಯಾಯಕ್ಕೆ. ನಾವೆಲ್ಲ ‘ಪ್ಯಾರಾ 95’, ‘ಪ್ಯಾರಾ 109’ ಅಂತಲೇ ಮಾತಾಡೋದು. ಈ ನಂಬರು ಹೆಗೆಲ್ ಹಾಕಿದ್ದಲ್ಲ, 1977ರಲ್ಲಿ ಬಂದ ಮಿಲ್ಲರ್ ಅನುವಾದದ್ದು. ಆದರೆ ಅದಿಲ್ಲದಿದ್ದರೆ ಸೆಮಿನಾರ್ ಅರ್ಧ ಗಂಟೆ ಪುಟ ಹುಡುಕೋದರಲ್ಲೇ ಕಳೆಯುತ್ತದೆ.

ಮೊದಲ ಅಧ್ಯಾಯದ ಪ್ಯಾರಾ 95ರಲ್ಲಿ ಒಂದು ಪುಟ್ಟ ಪ್ರಯೋಗವಿದೆ. ಕಣ್ಣೆದುರಿಗಿರೋದೇ ಎಲ್ಲಕ್ಕಿಂತ ಗಟ್ಟಿ ಸತ್ಯ ಅಂತೀರಾ? ಸರಿ, ‘ಈಗ’ ಅಂದರೆ ಏನು? ‘ಈಗ ರಾತ್ರಿ’ ಅನ್ನಿ. ಅದನ್ನು ಬರೆದಿಡಿ. ಸತ್ಯವನ್ನು ಬರೆದರೆ ಅದಕ್ಕೇನೂ ನಷ್ಟ ಆಗಬಾರದು, ಅಲ್ವಾ? ಮಧ್ಯಾಹ್ನ ತೆಗೆದು ನೋಡಿ. ಸತ್ಯ ಹಳಸಿದೆ. ರಾತ್ರಿ ಹೋಯಿತು, ಹಗಲೂ ಹೋಗುತ್ತದೆ, ಉಳಿಯೋದು ಯಾವುದಕ್ಕೂ ಅಂಟದ ‘ಈಗ’ ಮಾತ್ರ. ‘ಇಲ್ಲಿ’ ಅನ್ನೋದೂ ಹಾಗೆಯೇ. ‘ಇಲ್ಲಿ ಮರ’ ಅಂದು ತಿರುಗಿದರೆ ‘ಇಲ್ಲಿ ಮನೆ’. ಕಣ್ಣೆದುರಿನ ಒಂದೇ ಒಂದು ವಸ್ತುವನ್ನು ಹಿಡಿಯಲು ಹೋದವನ ಕೈಗೆ ಎಲ್ಲಕ್ಕೂ ಹೊಂದುವ ಮಾತಷ್ಟೇ ಸಿಗುತ್ತದೆ.

ಇಷ್ಟಕ್ಕೂ ಒಪ್ಪದವರಿಗೆ ಪ್ಯಾರಾ 109ರಲ್ಲಿ ಪೆಟ್ಟು ಬೀಳುತ್ತದೆ. ಪ್ರಾಣಿಗಳು ನಿಮಗಿಂತ ಜಾಣರು ಅಂತಾನೆ. ಇದೇ ಗಟ್ಟಿ ಸತ್ಯ ಅಂತ ಅವು ವಸ್ತುವಿನ ಮುಂದೆ ಸುಮ್ನೆ ನಿಂತು ಪೂಜೆ ಮಾಡೋದಿಲ್ಲ, ನೇರ ಬಾಯಿ ಹಾಕಿ ತಿಂದು ಮುಗಿಸುತ್ತವೆ. ಹೆಗೆಲ್‌ಗೆ ಹಾಸ್ಯ ಗೊತ್ತಿಲ್ಲ ಅಂತ ಯಾರು ಹೇಳಿದರೋ!

ಅದೇ ಪುಸ್ತಕದಲ್ಲಿ, ಮನ್ನಣೆಗಾಗಿ ಹೋರಾಡುವ ಇಬ್ಬರ ಕಥೆ ಹೇಳುವ ‘ಒಡೆಯ ಮತ್ತು ಆಳು’ ಭಾಗದ ಬಗ್ಗೆಯೂ ಕೇಳುತ್ತಾರೆ. ಚೆನ್ನಾಗಿದೆ, ಆದರೆ ಅದು ಬರೀ ಪ್ಯಾರಾ 178ರಿಂದ 196. ಅದಕ್ಕೆ ಇಷ್ಟು ಹೆಸರು ಬರಲು ದೊಡ್ಡ ಕಾರಣ 1933ರಿಂದ 1939ರವರೆಗೆ ಪ್ಯಾರಿಸ್‌ನಲ್ಲಿ ರಷ್ಯಾ ಮೂಲದ ತತ್ವಜ್ಞಾನಿ ಕೊಜೇವ್ ಮಾಡಿದ ಪಾಠ. ಮುಂದೆ ದೊಡ್ಡ ಹೆಸರಾದ ಫ್ರೆಂಚ್ ಚಿಂತಕರು ಲಕಾನ್, ಬತಾಯ್, ಮೆರ್ಲೋ-ಪಾಂಟಿ ಎಲ್ಲ ಬಂದು ಕೂತಿದ್ದರು. ಇಡೀ ಪುಸ್ತಕವನ್ನೇ ಅವನು ಆ ಕಿಂಡಿಯಿಂದ ನೋಡಿದ. ನನಗೆ ಆ ಓದು ಜಾಸ್ತಿ ಆಯಿತು ಅನಿಸುತ್ತದೆ.

ನನ್ನ ಡಿಸರ್ಟೇಶನ್ ಇರೋದು ಆ ಮೊದಲ ಅಧ್ಯಾಯದ ಮೇಲೆಯೇ. 1839ರಲ್ಲಿ ಫಾಯರ್‌ಬಾಖ್ ಅನ್ನೋ ಜರ್ಮನ್ ತತ್ವಜ್ಞಾನಿ ಅಲ್ಲಿನ ವಾದಕ್ಕೆ ಒಂದು ತಕರಾರು ತೆಗೆದ. ನನ್ನ ತಮ್ಮನ ಹೆಸರಿನವರು ಲೋಕದಲ್ಲಿ ಲೆಕ್ಕವಿಲ್ಲದಷ್ಟು ಜನ ಇದ್ದಾರೆ, ಅಷ್ಟಕ್ಕೇ ನನ್ನ ತಮ್ಮ ಇಲ್ಲ ಅಂತ ಆಗುತ್ತದೆಯೇ ಅಂತ ಅವನು ಕೇಳಿದ. ಮಾತು ಸೋತರೆ ಸೋತದ್ದು ಮಾತು, ವಸ್ತುವಲ್ಲ. ಸೆಮಿನಾರಿನಲ್ಲಿ ಇದನ್ನು ಎತ್ತಿದ ದಿನ ಕ್ಲಾಸು ಎರಡು ಪಾಲಾಯಿತು. ನಾನು ಫಾಯರ್‌ಬಾಖ್ ಕಡೆ.

ನನ್ನ ಗೈಡ್ ಪೂರ್ತಿ ಹೆಗೆಲ್ ಕಡೆ. ಮಾತು ಬೇಡ, ಸುಮ್ನೆ ಬೆರಳು ತೋರಿಸು ಅಂತ ಹೆಗೆಲ್ಲೇ ಮುಂದೆ ಹೇಳುತ್ತಾನೆ, ತೋರಿಸುವಷ್ಟರಲ್ಲೇ ಆ ‘ಈಗ’ ಕಳೆದಿರುತ್ತದಲ್ಲ, ಇದಕ್ಕೆ ನಿನ್ನ ಫಾಯರ್‌ಬಾಖ್ ಏನಂತಾನೆ ಅಂತ ನನ್ನ ಡ್ರಾಫ್ಟಿನ ಅಂಚಿನಲ್ಲಿ ಬರೆದಿದ್ದಾರೆ. ಅವರು ಹೇಳ್ತಿರೋದು ಪ್ಯಾರಾ 106 ಮತ್ತು 107. ಪ್ರಶ್ನೆ ನ್ಯಾಯವಾದದ್ದೇ. ಕಳೆದುಹೋದದ್ದು ‘ಈಗ’ ಮಾತ್ರ, ತೋರಿಸಿದ ವಸ್ತು ಅಲ್ಲೇ ಇದೆಯಲ್ಲ ಅಂತ ಸದ್ಯಕ್ಕೆ ಬರೆದಿದ್ದೇನೆ. ಅವರು ಒಪ್ಪೋದಿಲ್ಲ, ಗೊತ್ತು.