ಮಾಜಾಳಿಯಿಂದ ಪೋಳೆಂಗೆ ನಡೆದು ಹೋಗುವವರಿಗೆ

ಕಾರವಾರದ ಕಡೆಯಿಂದ ಗೋವಾದ ಪೋಳೆಂಗೆ ನಡೆದು ಹೋಗುವಾಗ ಗಡಿಯ ಈಚೆಗಿನ ಮಾಜಾಳಿಯಲ್ಲಿ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದೆಲ್ಲ ವಾಪಸ್ ಬರುವಾಗ. ಇದು ಮೊದಲೇ ತಲೆಗೆ ಹೋಗಿದ್ದರೆ ಜನವರಿಯ ಆ ಸಂಜೆ ನಾನು ಮತ್ತು ಭಾವ ಚೆಕ್‌ಪೋಸ್ಟಿನ ಎದುರು ಚೀಲ ಬಿಚ್ಚಿಕೊಂಡು ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ. ಆ ಕತೆ ಆಮೇಲೆ.

ಸಿರ್ಸಿ ಕಡೆಯವರು ಗೋವಾಕ್ಕೆ ಹೋಗುವುದೆಂದರೆ ಬಾಡಿಗೆ ಜೀಪು, ಹಿಂದಿನ ಸೀಟಿನಲ್ಲಿ ಮಕ್ಕಳ ವಾಂತಿ, ಮಂಗೇಶಿ ಶಾಂತಾದುರ್ಗಾ ದರ್ಶನ, ರಾತ್ರಿಗೆ ವಾಪಸ್. ಗಡಿ ಎಲ್ಲಿ ಬಂತು, ಎಲ್ಲಿ ಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಈ ಸಲ ಭಾವ ಹೊಸ ಹುಚ್ಚು ಹಚ್ಚಿದ. ‘ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಾಲಲ್ಲೇ ದಾಟಿ ಬಪ್ಪನ, ಮಾರಾಯಾ’ ಅಂದ. ನನಗೂ ಒಂದು ನೆಪ ಬೇಕಿತ್ತು. ಈ ಗಡಿ ಹುಟ್ಟಿದ್ದರಲ್ಲಿ ಸಿರ್ಸಿ ಹತ್ತಿರದ ನಮ್ಮ ಸೋಂದೆಯ ಪಾಲೂ ಇದೆ. 1763–64ರ ಸುಮಾರಿಗೆ ಹೈದರಾಲಿ ಸೋಂದೆಯನ್ನು ಹಿಡಿದಾಗ ಅಲ್ಲಿಯ ಅರಸು ಓಡಿಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಅವನ ಕೈಯಲ್ಲಿದ್ದ ಫೋಂಡಾ, ಕಾಣಕೋಣ ಸೀಮೆಗಳು ಕ್ರಮೇಣ ಅವರ ಪಾಲಾದವು. ಕಾಳಿ ನದಿಯ ದಂಡೆಯ ಸದಾಶಿವಗಡದ ಹೆಸರೂ ಸೋಂದೆ ಅರಸರದ್ದೇ. 1961ರ ಡಿಸೆಂಬರ್ 19ರವರೆಗೆ ಗೋವಾದಲ್ಲಿ ಕಾಲಿಟ್ಟರೆ ಅದು ಪರದೇಶ. ಈಗ ಪಾಸ್‌ಪೋರ್ಟ್ ಇಲ್ಲ, ಪರವಾನಗಿ ಇಲ್ಲ, ಚೀಟಿಯೂ ಇಲ್ಲ. ಆಧಾರ್ ಕಾರ್ಡೋ ಡ್ರೈವಿಂಗ್ ಲೈಸೆನ್ಸೋ ಕಿಸೆಯಲ್ಲಿರಲಿ, ಸಾಕು.

ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಹಾದು ಕಾರವಾರ ಮುಟ್ಟಬೇಕು. ಘಟ್ಟದ ರಸ್ತೆ ಕೆಲಸಕ್ಕೋ ಮಳೆಗೋ ಆಗಾಗ ಬಂದ್ ಆಗುತ್ತದೆ, ಹೊರಡುವ ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿ. ಮಳೆಗಾಲದಲ್ಲಿ ಈ ನಡಿಗೆಯ ಯೋಚನೆಯೇ ಬೇಡ. ಗುಡ್ಡ ಕಡಿದು ಮಾಡಿದ ಹೆದ್ದಾರಿ ಏನು ಮಾಡಬಲ್ಲದೆಂದು 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ನೋಡಿದ್ದೇವೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್ ಬಂದರೆ ಬೆವರಿಳಿದು ಅರ್ಧ ದಾರಿಯಲ್ಲೇ ಮನೆ ನೆನಪಾಗುತ್ತದೆ.

ಅಂಕೋಲಾ ದಾಟಿದ ಮೇಲೆ ಅರ್ಗಾದಲ್ಲಿ ನೌಕಾನೆಲೆ ಸಿಗುತ್ತದೆ. ಅಲ್ಲಿ ಮೊಬೈಲ್ ಎತ್ತಿ ಫೋಟೋ ಹೊಡೆಯಬೇಡಿ, ನಿಷಿದ್ಧ. ಆ ದಿಕ್ಕಿನ ಸಮುದ್ರದಲ್ಲಿರುವ ಅಂಜದೀವ್ ದ್ವೀಪ ಲೆಕ್ಕಕ್ಕೆ ಗೋವಾದ್ದು. ನಾವು ಉತ್ತರಕ್ಕೆ ಗಡಿ ಹುಡುಕಿಕೊಂಡು ಹೊರಟಿದ್ದರೆ ಗೋವಾದ ಒಂದು ತುಂಡು ದಕ್ಷಿಣದಲ್ಲಿ ಕೂತಿತ್ತು! 1961ರಲ್ಲಿ ಆ ದ್ವೀಪ ಹಿಡಿಯುವಾಗ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟಿದ್ದಾರೆ. ಈಗ ಅದು ನೌಕಾಪಡೆಯ ವಶದಲ್ಲಿದೆ, ನಮ್ಮಂಥವರಿಗೆ ಪ್ರವೇಶವಿಲ್ಲ.

ಕಾರವಾರ ಪೇಟೆಯಿಂದಲೇ ನಡೆಯುತ್ತೇವೆ ಎನ್ನುವವರಿದ್ದಾರೆ. ಬೇಡ. ಕಾಳಿ ಸೇತುವೆ ಮೇಲೆ ನಡೆಯುವುದರಲ್ಲಿ ಸುಖವಿಲ್ಲ. 1983ರ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿದ್ದು ಅವನ ಪುಣ್ಯ. ಆಮೇಲೆ ಎರಡೂ ಕಡೆಯ ವಾಹನಗಳ ಭಾರ ಹೊಸ ಸೇತುವೆಯ ಮೇಲೆ ಬಿತ್ತು. ಪಕ್ಕದಲ್ಲಿ ಟ್ಯಾಂಕರ್ ಹೋದರೆ ಇಡೀ ಮೈ ಒಂದು ಸಲ ಆ ಕಡೆಗೆ ಎಳೆದಂತಾಗುತ್ತದೆ. ಲೋಕಲ್ ಬಸ್ಸಿನಲ್ಲಿ ಮಾಜಾಳಿಗೆ ಹೋಗಿ ಇಳಿಯಿರಿ. ಅಲ್ಲಿಂದ ಎರಡು ದಾರಿ.

ಒಂದು ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿ 66, ಹಳಬರ ಬಾಯಲ್ಲಿ ಇನ್ನೂ 17. ದೂರ ಕಡಿಮೆ, ದಾರಿ ತಪ್ಪುವ ಮಾತಿಲ್ಲ. ಆದರೆ ಈ ಪ್ರವಾಸದಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಇಲ್ಲಿಯೇ. ಪೊಲೀಸರಿಗಾಗಲೀ ಅಬಕಾರಿಯವರಿಗಾಗಲೀ ಅಷ್ಟು ಹೆದರಿರಲಿಲ್ಲ. ನಾಲ್ಕು ಪಥದ ರಸ್ತೆಯಲ್ಲಿ ನಡೆಯುವವನಿಗೆಂದು ಜಾಗ ಇಟ್ಟಿಲ್ಲ. ನಾವು ಮೊದಲು ರೂಢಿಯಂತೆ ಎಡಬದಿಗೆ ನಡೆದೆವು. ಬೆನ್ನ ಹಿಂದೆ ಬರುವ ವಾಹನ ಎಷ್ಟು ಹತ್ತಿರವಿದೆ ಎಂದು ಗೊತ್ತಾಗುವುದು ಅದರ ಗಾಳಿ ಕಿವಿಗೆ ಬಡಿದಾಗ. ಎರಡು ಬಸ್ಸು ಹೋಗುವುದರೊಳಗೆ ಬುದ್ಧಿ ಬಂತು. ಡಿವೈಡರ್ ದಾಟಿ ಬಲಬದಿಗೆ, ಅಂದರೆ ಗೋವಾದಿಂದ ಬರುವ ವಾಹನಗಳು ಎದುರಿಗೆ ಕಾಣುವ ಕಡೆಗೆ ಹೋದೆವು. ರಸ್ತೆ ದಾಟುವುದಿದ್ದರೆ ಡಿವೈಡರ್ ಹತ್ತಿ ಜಿಗಿಯಬೇಡಿ, ಊರಿನವರು ದಾಟುವ ತೆರವಿನಲ್ಲೇ ದಾಟಿ. ಬಲಬದಿಗೂ ಒಂದು ಪೀಡೆ ಇದೆ: ಸುತ್ತುವುದು ತಪ್ಪಲಿ ಎಂದು ಸ್ಕೂಟರಿನವರು ರಾಂಗ್ ಸೈಡಿನಲ್ಲಿ ಬರುತ್ತಾರೆ, ಅವರು ಬರುವುದು ನಿಮ್ಮ ಬೆನ್ನ ಹಿಂದಿನಿಂದ! ಹಾಗಾಗಿ ಟಾರು ಬಿಟ್ಟು ಮಣ್ಣಿನ ಮೇಲೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಕಿವಿಗೆ ಇಯರ್‌ಫೋನ್ ಬೇಡ. ಭಾವ ಹಾಕಿಕೊಂಡಿದ್ದ, ನಾನು ಕಿತ್ತು ಅವನ ಕಿಸೆಗೆ ತುರುಕಿದೆ.

ಹೊತ್ತಿನ ಲೆಕ್ಕ ಇದಕ್ಕಿಂತ ಮುಖ್ಯ. ಗಡಿಯಾಚೆ ಬಾಟಲಿ ಅಗ್ಗ, ಪೆಟ್ರೋಲು ಅಗ್ಗ ಎಂದು ಹೋದವರು ಶನಿವಾರ, ಭಾನುವಾರ ಸಂಜೆ ವಾಪಸ್ ಬರುವುದು ಇದೇ ರಸ್ತೆಯಲ್ಲಿ. ಕೆಲವರು ಯಾವ ಸ್ಥಿತಿಯಲ್ಲಿರುತ್ತಾರೆಂದು ಹೇಳಬೇಕಾಗಿಲ್ಲ. ಕಪ್ಪಾದ ಮೇಲೆ ಅಲ್ಲಿ ಕಾಲ್ನಡಿಗೆಯಲ್ಲಿರಲೇಬಾರದು. ವಾರದ ನಡುವಿನ ದಿನ ನೋಡಿ, ಬೆಳಿಗ್ಗೆ ಏಳಕ್ಕೆ ಶುರು ಮಾಡಿ. ಹೆದ್ದಾರಿಯಲ್ಲಿ ಏನಾದರೂ ಆದರೆ 1033, ಉಳಿದದ್ದಕ್ಕೆಲ್ಲ 112. ಗಡಿಯ ಈಚೆಗೂ ಆಚೆಗೂ ಅದೇ ನಂಬರು.

ಇನ್ನೊಂದು ಕಡಲ ದಾರಿ. ನಾವು ಹೋಗುವಾಗ ಸ್ವಲ್ಪವೇ ಹೆದ್ದಾರಿ ಹಿಡಿದು, ಮತ್ತೆ ಹಿಂದಿರುಗಿ, ಇದನ್ನೇ ಆರಿಸಿಕೊಂಡೆವು. ಮಾಜಾಳಿಯ ಗಾಬಿತವಾಡದ ಕಡೆಯಿಂದ ಸಮುದ್ರದಂಡೆಗೆ ಇಳಿದರೆ ಉದ್ದಕ್ಕೂ ಉಸುಕು, ಒಂದು ಕಡೆ ಗಾಳಿಮರ. ಮುಂದೆ ಗುಡ್ಡವೊಂದು ಸಮುದ್ರಕ್ಕೆ ಮೂಗು ಚಾಚಿದೆ. ಅದನ್ನು ಹತ್ತಿ ಇಳಿದರೆ ತಿಳ್ಮಾತಿ. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಹೆಸರು ಸುಳ್ಳಲ್ಲ. ಮಾಜಾಳಿಯ ಉಸುಕು ಬಿಳಿ, ಗುಡ್ಡ ದಾಟಿದ್ದೇ ತಡ ಕಪ್ಪು ಎಳ್ಳು ಚೆಲ್ಲಿದ ಹಾಗೆ. ಭಾವ ಒಂದು ಮುಷ್ಟಿ ಎತ್ತಿ ‘ತರ್ಪಣಕ್ಕೆ ಸಾಕಷ್ಟಾತು’ ಅಂದ. ನಗು ಬಂದರೂ ನಗಲಿಲ್ಲ, ನಕ್ಕರೆ ಅವನು ಇಡೀ ದಿನ ಅದನ್ನೇ ಹೇಳುತ್ತಾನೆ.

ಈ ದಾರಿಯಲ್ಲಿ ಊರಿನವರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ಬಲೆ ಹೆಣೆಯುತ್ತ ಕೂತಿದ್ದ ಹಿರಿಯರೊಬ್ಬರು ನಾವು ಕಾಲು ಒದ್ದೆ ಮಾಡಿಕೊಂಡು ಬಂಡೆಯ ಬುಡದಲ್ಲೇ ಸುತ್ತಿ ಹೋಗಲು ಹೊರಟಿದ್ದನ್ನು ನೋಡಿ ಕೂಗಿ ಕರೆದರು. ‘ಖಂಯ್ ವತಾತ್? ಭರ್ತಿ ಬರ್ತಾ ಉಂಟು’ ಎಂದು ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ ಬೈದರು. ಎಲ್ಲಿಗೆ ಹೊರಟಿದ್ದೀರಿ, ಭರ್ತಿ, ಅಂದರೆ ಸಮುದ್ರದ ಉಬ್ಬರ, ಬರುತ್ತಿದೆ ಎಂದು ಅರ್ಥ. ನೀರು ಇಳಿದಾಗ ಬಂಡೆ ಬುಡದಲ್ಲಿ ದಾರಿ ಇದ್ದಂತೆ ಕಾಣುತ್ತದೆ. ಭರ್ತಿ ಏರತೊಡಗಿದರೆ ಆ ದಾರಿ ನಿಮ್ಮ ಮುಂದೆಯೂ ಮುಚ್ಚುತ್ತದೆ, ಹಿಂದೆಯೂ ಮುಚ್ಚುತ್ತದೆ. ದಿನಕ್ಕೆರಡು ಭರ್ತಿ, ಎರಡು ಇಳಿತ, ಒಂದರಿಂದ ಇನ್ನೊಂದಕ್ಕೆ ಆರು ತಾಸಿನ ಮೇಲೆ ಸ್ವಲ್ಪ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಘಟ್ಟದ ಮೇಲಿನ ನಮಗೆ ಪಂಚಾಂಗದಲ್ಲಿ ಏಕಾದಶಿ ನೋಡುವುದು ಗೊತ್ತು, ಸಮುದ್ರಕ್ಕಾಗಿ ಪಂಚಾಂಗ ನೋಡಬೇಕೆಂದು ಗೊತ್ತಿರಲಿಲ್ಲ. ಬಂಡೆ ಬುಡದ ಆಸೆ ಬಿಟ್ಟು ಗುಡ್ಡದ ಮೇಲಿನ ಕಾಲುದಾರಿ ಹಿಡಿಯಿರಿ.

ಗುಡ್ಡದ ದಾರಿ ಜಂಬಿಟ್ಟಿಗೆ ಕಲ್ಲು, ಒಣ ಹುಲ್ಲು. ಏರುವಾಗ ಸುಲಭ, ಇಳಿಯುವಾಗ ಸಣ್ಣ ಗೊರಚು ಕಲ್ಲು ಕಾಲಡಿ ಉರುಳುತ್ತದೆ. ಹವಾಯಿ ಚಪ್ಪಲಿಯಲ್ಲಿ ಬಂದ ಭಾವ ಒಂದು ಸಲ ಕೂತೇ ಇಳಿದ. ಹಿಡಿತವಿರುವ ಬೂಟು, ಒಬ್ಬರಿಗೆ ಎರಡು ಲೀಟರ್ ನೀರು, ತಲೆಗೆ ಟೊಪ್ಪಿ ಇಷ್ಟು ಬೇಕೇ ಬೇಕು. ತಿಳ್ಮಾತಿಯಲ್ಲಿ ಅಂಗಡಿ ಹುಡುಕಬೇಡಿ. ಅಲ್ಲಿ ಈಜಲೂ ಬೇಡಿ. ಎರಡು ಗುಡ್ಡಗಳ ನಡುವಿನ ಆ ಸಣ್ಣ ದಂಡೆಯಲ್ಲಿ ನಿಮ್ಮನ್ನು ನೋಡುವವರೇ ಇರುವುದಿಲ್ಲ, ಇನ್ನು ಎಳೆದು ತರುವವರೆಲ್ಲಿ. ಒಬ್ಬರೇ ಹೋಗುವುದು ಬೇಡ. ಹೆಂಗಸರು ಹೋಗುವುದಿದ್ದರೆ ಮೂರ್ನಾಲ್ಕು ಜನ ಸೇರಿ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಸಲ್ಲಬೇಕಾದ್ದನ್ನು ಕೊಡಿ. ಬೆಳಗಿನ ಹೊತ್ತು ದಂಡೆಯಲ್ಲಿ ಏಂಡಿ ಬಲೆ ಎಳೆಯುತ್ತಿದ್ದರೆ ಹಗ್ಗ ದಾಟಬೇಡಿ, ಸುತ್ತಿ ಹೋಗಿ. ಎಳೆತಕ್ಕೆ ಸಿಕ್ಕ ಹಗ್ಗ ಕಾಲಿಗೆ ಬಡಿದರೆ ಮೂಳೆ ಉಳಿಯುವುದಿಲ್ಲ, ಮೇಲೆ ಅವರ ಕೆಲಸವೂ ಕೆಡುತ್ತದೆ.

ತಿಳ್ಮಾತಿಯ ಆಚೆಗೆ ಮತ್ತೊಂದು ಗುಡ್ಡ, ಅದರಾಚೆ ಪೋಳೆಂ. ಗೋವಾದ ತೀರಾ ದಕ್ಷಿಣದ ಬೀಚು. ಯಾವ ಕಲ್ಲಿನ ಹತ್ತಿರ ಕರ್ನಾಟಕ ಮುಗಿಯಿತೆಂದು ನಮಗೆ ಗೊತ್ತಾಗಲಿಲ್ಲ. ಭಾವ ಅದಕ್ಕೆ ಬೇಜಾರು ಮಾಡಿಕೊಂಡ, ಒಂದು ಬೋರ್ಡಾದರೂ ಬೇಕಿತ್ತಂತೆ. ಆಚೆಯೂ ಅದೇ ಕೊಂಕಣಿ, ಅದೇ ತೆಂಗು. ಕಾನೂನು ಮಾತ್ರ ಬೇರೆ. ಬಯಲಲ್ಲಿ ಒಲೆ ಹಚ್ಚಿ ಚಿತ್ರಾನ್ನ ಕಲಸುವ ನಮ್ಮ ಕಡೆಯ ಪಿಕ್‌ನಿಕ್ ಅಭ್ಯಾಸವನ್ನು ಅಲ್ಲಿ ತೋರಿಸಬೇಡಿ. 2019ರಿಂದ ಗೋವಾದ ಪ್ರವಾಸಿ ತಾಣಗಳಲ್ಲಿ ಬಯಲಿನಲ್ಲಿ ಅಡುಗೆ ಮಾಡಿದರೂ, ಕುಡಿದರೂ ದಂಡವಿದೆ. ಅವಲಕ್ಕಿ ಕಟ್ಟಿಕೊಂಡು ಹೋಗಿ. ಮೀನು ತಿನ್ನುವವರಿಗೆ ಚಿಂತೆಯೇ ಇಲ್ಲ, ನಮ್ಮಂಥವರಿಗೆ ಅವಲಕ್ಕಿಯೇ ಆಪದ್ಬಾಂಧವ.

ಪೋಳೆಂನಿಂದ ಮುಂದೆ ನಡೆಯಬೇಡಿ. ಅಲ್ಲಿಂದ ರಸ್ತೆ ಕಿರಿದು, ತಿರುವು ಜಾಸ್ತಿ. ಕಾಣಕೋಣದ ಚಾವಡಿ ಪೇಟೆಗೆ ಬಸ್ಸು ಹಿಡಿಯಿರಿ. ಕಾರವಾರದ ಆಟೋದವರು ಗಡಿ ದಾಟಿಸುತ್ತಾರೆಂದು ನಂಬಿಕೊಂಡು ಕೂರಬೇಡಿ, ಅವರ ಪರ್ಮಿಟ್ಟು ಆಚೆಗೆ ನಡೆಯುವುದಿಲ್ಲ. ಓಲಾ, ಊಬರ್ ಕೂಡ ಗೋವಾದಲ್ಲಿಲ್ಲ. ಬಾಡಿಗೆ ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವವರನ್ನು ಅಲ್ಲಿ ‘ಪೈಲಟ್’ ಎನ್ನುತ್ತಾರೆ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ನಮಗೆ ಸಿಕ್ಕಿದ್ದು ಗೋವಾ ಸರಕಾರದ ಕದಂಬ ಬಸ್ಸು. ಬನವಾಸಿಯ ಅರಸರ ಹೆಸರು ಹೊತ್ತ ಬಸ್ಸಿನಲ್ಲಿ ಬನವಾಸಿ ಇರುವ ತಾಲೂಕಿನವರಿಗೆ ಕೂರಲು ಸೀಟಿರಲಿಲ್ಲ, ನಿಂತೇ ಹೋದೆವು.

ಈಗ ಬಾಟಲಿಯ ಕತೆ. ಚಾವಡಿ ಪೇಟೆಯಲ್ಲಿ ಹೆಂಗಸೊಬ್ಬರು ಮುರುಗಲ (ಕೋಕಂ) ಹಣ್ಣಿನ ರಸ ಮಾರುತ್ತಿದ್ದರು. ಮನೆ ಹಿತ್ತಲಲ್ಲೇ ಮುರುಗಲ ಮರ ಇಟ್ಟುಕೊಂಡವನು ಗೋವಾದಲ್ಲಿ ಅದನ್ನು ಕೊಳ್ಳುತ್ತಾನೆಯೇ? ಭಾವ ಕೊಂಡ. ತುಂಬಿಸಿದ್ದು ಹಳೇ ರಮ್ಮಿನ ಬಾಟಲಿಯಲ್ಲಿ, ಚೀಟಿ ಅರ್ಧ ಹರಿದಿತ್ತು, ಒಳಗೆ ಕಡುಗೆಂಪು ನೀರು. ಸಂಜೆ ಪೋಳೆಂನಲ್ಲಿ ಬಸ್ಸಿಳಿದು, ‘ಗಡಿಯನ್ನಾದರೂ ಸರಿಯಾಗಿ ನಡೆದೇ ದಾಟನ’ ಎಂಬ ಅವನ ಹಠಕ್ಕೆ ಹೆದ್ದಾರಿಯಲ್ಲೇ ನಡೆದು ಬಂದೆವು. ಚೀಲದ ಬಾಯಿಂದ ಬಾಟಲಿಯ ಕುತ್ತಿಗೆ ಇಣುಕುತ್ತಿತ್ತು.

ಚೆಕ್‌ಪೋಸ್ಟಿನಲ್ಲಿ ಕರೆದರು. ತಪ್ಪು ಅವರದ್ದಲ್ಲ. ಗೋವಾದ ಮದ್ಯವನ್ನು ಪರವಾನಗಿ ಇಲ್ಲದೆ ಕರ್ನಾಟಕದೊಳಗೆ ತರುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಅವರು ಕೂತಿರುವುದೇ ಅದನ್ನು ನೋಡಲಿಕ್ಕೆ. ಒಂದೇ ಬಾಟಲಿ, ಸೀಲು ಒಡೆದಿದೆ, ನನ್ನ ಸ್ವಂತಕ್ಕೆ ಎಂಬ ವಾದವನ್ನು ಅಲ್ಲಿ ನಿಂತು ಕಟ್ಟಬೇಡಿ. ಬಸ್ಸಿನಲ್ಲಿ ಬಂದರೂ ಹತ್ತಿ ನೋಡುತ್ತಾರೆ, ನಡೆದು ಬರುವವನ ಚೀಲ ಇನ್ನೂ ಬೇಗ ಕಣ್ಣಿಗೆ ಬೀಳುತ್ತದೆ. ದಾರಿಯಲ್ಲಿ ಯಾರೋ ಅಪರಿಚಿತರು ‘ಈ ಒಂದು ಪೊಟ್ಟಣ ಆಚೆ ದಾಟಿಸಿ ಕೊಡಿ’ ಎಂದರೆ ಮುಟ್ಟಲೂ ಬೇಡಿ. ಸಿಕ್ಕಿಬಿದ್ದರೆ ಪೊಟ್ಟಣ ಯಾರ ಕೈಯಲ್ಲಿದೆಯೋ ಅವರದ್ದೇ.

ಭಾವ ಕನ್ನಡದಲ್ಲಿ ವಿವರಿಸಿದ, ಕೊಂಕಣಿಯಲ್ಲಿ ಪ್ರಯತ್ನಿಸಿದ, ಗಾಬರಿಯಲ್ಲಿ ಹವಿಗನ್ನಡಕ್ಕೂ ಇಳಿದ. ನಾನು ಸುಮ್ಮನೆ ಚೀಲವನ್ನು ಮೇಜಿನ ಮೇಲೆ ಸುರಿದೆ: ಪಂಚೆ, ಟಾರ್ಚು, ಉಳಿದ ಅವಲಕ್ಕಿ, ಎಳ್ಳಿನಂಥ ಉಸುಕಿನ ಒಂದು ಪೊಟ್ಟಣ. ಅಲ್ಲಿ ಮಾತಿಗಿಂತ ಇದು ಬೇಗ ಕೆಲಸ ಮಾಡುತ್ತದೆ. ಸಿಬ್ಬಂದಿಯೊಬ್ಬರು ಮುಚ್ಚಳ ತೆಗೆದು ಮೂಸಿದರು, ಇನ್ನೊಬ್ಬರಿಗೆ ಕೊಟ್ಟರು, ಅವರೂ ಮೂಸಿದರು. ‘ಬಿರಂಡೆ ಶರಬತ್ತು’ ಎಂದು ಮುರುಗಲ ಹಣ್ಣಿನ ಕೊಂಕಣಿ ಹೆಸರು ಹೇಳಿ ನಕ್ಕು ಬಿಟ್ಟರು. ಇಪ್ಪತ್ತು ನಿಮಿಷ ಹೋಯಿತು. ಆ ಇಪ್ಪತ್ತು ನಿಮಿಷದಲ್ಲಿ ಮಾಜಾಳಿಯಿಂದ ಕಾರವಾರದ ಬಸ್ಸು ತಪ್ಪಿತು, ಅದರಿಂದಾಗಿ ಕಾರವಾರದಲ್ಲಿ ಸಿರ್ಸಿಯ ಬಸ್ಸೂ ತಪ್ಪಿತು. ರಾತ್ರಿ ಅಂಕೋಲಾದ ಅತ್ತೆಯ ಮನೆಯಲ್ಲಿ ಉಳಿದೆವು. ಊಟಕ್ಕೆ ಕೂತಾಗ ಅತ್ತೆ ಬಡಿಸಿದ್ದು ಮುರುಗಲ ಹಣ್ಣಿನ ಸಾರು.